ಆರಿಸು ಎನ್ನದ ಅತ್ತೆ

ಮನೆಗೆ ಬೆಂಕಿ ಬೀಳದಂತೆ ನೋಡಿಕೊಳ್ಳುವುದು ಹೇಗೆಂದು ಊರೂರಿಗೆ ಹೇಳುತ್ತ ತಿರುಗುವವಳಿಗೆ, ಬೆಂಕಿಗಿಂತ ಮನುಷ್ಯರಿಂದಲೇ ಫಜೀತಿ ಹೆಚ್ಚು. ಅರವತ್ತರ ದಶಕದಲ್ಲಿ ನಾನು ಗ್ರಾಮಸೇವಿಕೆ. ಅಪ್ಪ ರೈಲ್ವೆಯವರಾದ್ದರಿಂದ ನಾಗಪುರ, ಮದರಾಸು ಸುತ್ತಿ ಬೆಳೆದವಳು. ಒಂದೇ ಕಡೆ ನಾಲ್ಕು ದಿನ ಕೂತರೆ ಕಾಲು ಜೋಮು ಹಿಡಿಯುತ್ತಿತ್ತು. ಸಾಗರ, ಹೊಸನಗರ, ತೀರ್ಥಹಳ್ಳಿ ಬಸ್ಸುಗಳ ಕಂಡಕ್ಟರುಗಳು ನನ್ನನ್ನು ‘ಬೆಂಕಿ ಅಮ್ಮ’ ಅನ್ನುತ್ತಿದ್ದರು. ಭಾರೀ ಸಿಟ್ಟಿನವಳಿರಬೇಕೆಂದು ಜನ ಸೀಟು ಬಿಟ್ಟುಕೊಡುತ್ತಿದ್ದರು. ನಾನೂ ತಿದ್ದಲು ಹೋಗಲಿಲ್ಲ.

ಇಷ್ಟಾಗಿ, ಹೊಸನಗರದ ನಮ್ಮ ಮನೆಗೇ ಅಡಿಕೆ ಸೋಗೆ ಹೊದೆಸಿದ ಮಾಡು. ಒಂದು ಕಿಡಿ ಹಾರಿದರೆ ಮನೆಯೇ ಇಲ್ಲ. ಹೆಂಚು ಹೊದೆಸೋಣ ಎಂದು ನಾಲ್ಕು ಬೇಸಿಗೆಯಿಂದ ಅತ್ತೆಯ ಹಿಂದೆ ಬಿದ್ದಿದ್ದೆ. “ಸೋಗೆ ತಂಪು. ಹೆಂಚಿನ ಕೆಳಗೆ ನೀನೇ ಬೇಯಿ” ಅನ್ನುತ್ತಿದ್ದರು.

ಮರಳಿನ ಮಡಕೆ

ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ, ಬೆಂಕಿ ಬಿದ್ದರೆ ಸುರಿಯಲು ಒಲೆಯ ಪಕ್ಕ ಒಂದು ಮಡಕೆ ಮರಳು ಇಟ್ಟಿರಲೇಬೇಕು ಎಂದು ಹೆಂಗಸರಿಗೆ ಹೇಳಿ ಬಂದಿದ್ದೆ. ತಿಂಗಳು ಬಿಟ್ಟು ಹೋದರೆ ಮನೆಮನೆಯಲ್ಲೂ ಮಡಕೆ! ಹಿಗ್ಗಿ ಹೋದೆ. ಒಂದು ಮನೆಯಲ್ಲಿ ಕೈ ಹಾಕಿ ನೋಡಿದೆ. ಮರಳಿನ ತುಂಬ ಹಲಸಿನ ಬೀಜ.

“ಇದೆಂತ ಇದು?”

“ಮರಳಲ್ಲಿ ಇಟ್ರೆ ಹಾಳಾಗಲ್ಲ ಅಮ್ಮ. ಒಳ್ಳೇ ಉಪಾಯ ಹೇಳ್ಕೊಟ್ರಿ.”

“ಅಲ್ಲ ಮಾರಾಯ್ತಿ, ನಾಳೆ ಬೆಂಕಿ ಬಿದ್ರೆ ಎಂತ ಮಾಡ್ತೀಯ?”

ಅವಳು ಸ್ವಲ್ಪ ಯೋಚಿಸಿ ಹೇಳಿದಳು: “ಬೀಜ ಸುಟ್ಕಂಡು ತಿನ್ನೂದು.”

ಮೊದಲು ಯಾರು?

ತೀರ್ಥಹಳ್ಳಿ ಕಡೆಯ ಒಂದು ದೊಡ್ಡ ಮನೆಯಲ್ಲಿ, ಬೆಂಕಿ ಬಿದ್ದರೆ ಯಾರು ಯಾರನ್ನು, ಏನನ್ನು ಹೊರಗೆ ತರಬೇಕೆಂದು ಮೊದಲೇ ಮಾತಾಡಿಕೊಳ್ಳಿ ಎಂದೆ. ಮಾತಾಡಿಕೊಂಡರು. ಒಂದು ಮಧ್ಯಾಹ್ನ ಪರೀಕ್ಷೆಗೆಂದು ನಾನೇ “ಬೆಂಕಿ! ಬೆಂಕಿ!” ಎಂದು ಕೂಗಿದೆ. ಆ ಮನೆಯ ಅತ್ತೆ, ಇಬ್ಬರು ಸೊಸೆಯರು, ಮಗ, ನಾಲ್ವರೂ ಸೇರಿ ಮಿಡಿ ಉಪ್ಪಿನಕಾಯಿಯ ಆಳೆತ್ತರದ ಭರಣಿಯನ್ನು ಕೂಸಿನ ಹಾಗೆ ಹೊತ್ತುಕೊಂಡು ಅಂಗಳಕ್ಕೆ ಬಂದರು. ಜಗಲಿಯಲ್ಲಿ ಯಜಮಾನರು ಗೊರಕೆ ಹೊಡೆಯುತ್ತಲೇ ಇದ್ದರು.

“ಅಲ್ಲ, ಯಜಮಾನ್ರು ಅಲ್ಲೇ ಉಳಿದ್ರಲ್ಲ?”

ಅವರ ಹೆಂಡತಿ ಏದುಸಿರು ಬಿಡುತ್ತ ಹೇಳಿದರು: “ಅವ್ರಿಗೆ ಕಾಲಿದೆ. ಭರಣಿಗೆ ಇದ್ಯಾ?”

ದೊಡ್ಡದು ಮಾಡು!

ಊರಿನವರನ್ನು ನೋಡಿ ನಕ್ಕಿದ್ದಕ್ಕೆ ಸರಿಯಾಗಿಯೇ ಆಯಿತು. ನಮ್ಮ ಮನೆಗೂ ಒಂದು ನಿಯಮ ಮಾಡಿದ್ದೆ: ಬೆಂಕಿ ಕಂಡರೆ ಹಿರಿಯರು ಕೂಗಬೇಕು, ಉಳಿದವರು ಎದುರು ಪ್ರಶ್ನೆ ಕೇಳದೆ ಹೇಳಿದ್ದನ್ನು ಮಾಡಬೇಕು. ಇದನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತವಳು ಹೊಸದಾಗಿ ಮದುವೆಯಾಗಿ ಬಂದ ಮೈದುನನ ಹೆಂಡತಿ. ಮುಂಬಯಿಯಲ್ಲಿ ಹುಟ್ಟಿ ಬೆಳೆದ ಹುಡುಗಿ, ಪಾಠದ ಹಾಗೆ ಬಾಯಿಪಾಠ ಮಾಡಿದ್ದಳು.

ಒಂದು ಬೆಳಗ್ಗೆ ನಾನು ಬಾವಿಕಟ್ಟೆಯಲ್ಲಿದ್ದೆ. ಅಡುಗೆಮನೆಯಲ್ಲಿ ಬುಡ್ಡಿದೀಪ ಉರುಳಿ, ಒಲೆ ಹಚ್ಚಲು ಇಟ್ಟಿದ್ದ ಒಣ ಸೋಗೆಯ ಕಂತೆಗೆ ಬೆಂಕಿ ಹತ್ತಿಕೊಂಡಿತು. ಅತ್ತೆ ಕೂಗಿದರು: “ದೊಡ್ಡದು ಮಾಡು! ಬೇಗ ದೊಡ್ಡದು ಮಾಡೇ!”

ನಾನು ಕೊಡಪಾನ ಹೊತ್ತು ಓಡಿಬಂದರೆ, ಆ ಹುಡುಗಿ ಮೊರ ಹಿಡಿದು ಬೆಂಕಿಗೆ ಪಟಪಟ ಗಾಳಿ ಹಾಕುತ್ತಿದ್ದಾಳೆ! ಉರಿ ಸೋಗೆಯ ಮಾಡಿಗೆ ತಾಗಲು ಎರಡೇ ಮೊಳ ಬಾಕಿ. ಅತ್ತೆ ಕುಣಿಯುತ್ತ “ದೊಡ್ಡದು ಮಾಡು” ಅಂದಷ್ಟೂ ಅವಳ ಮೊರ ಜೋರು.

ಅತ್ತೆಯ ಪಾಲಿಗೆ ‘ಆರಿಸು’ ಅನ್ನುವುದು ಅಪಶಕುನ; ಅದರ ಬದಲು ‘ದೊಡ್ಡದು ಮಾಡು’ ಅನ್ನುವುದು. ಹುಟ್ಟಿದಾಗಿನಿಂದ ಅವರು ಯಾವ ದೀಪವನ್ನೂ ಆರಿಸಿದವರಲ್ಲ, ಎಲ್ಲವನ್ನೂ ‘ದೊಡ್ಡದು’ ಮಾಡಿದವರೇ. ಮುಂಬಯಿಯವಳಿಗೆ ಅದೇನು ಗೊತ್ತು?

ನನ್ನ ಕೊಡ ತಲುಪುವ ಮೊದಲೇ ಅತ್ತೆ ಪಕ್ಕದಲ್ಲಿದ್ದ ದೋಸೆಹಿಟ್ಟಿನ ಪಾತ್ರೆಯನ್ನೇ ಎತ್ತಿ ಸುರಿದರು. ಭುಸ್ಸೆಂದು ಹೊಗೆ ಎದ್ದು, ಎಲ್ಲ ತಣ್ಣಗಾಯಿತು.

“ದೊಡ್ಡದು ಮಾಡು ಅಂದ್ರೆ ಗಾಳಿ ಹಾಕ್ತಾರೇನೇ?”

“ನೀವು ಹೇಳಿದ್ದನ್ನೇ ಮಾಡಿದೆ ಅತ್ತೆ. ಪ್ರಶ್ನೆ ಕೇಳಬಾರದು ಅಂತ ಅಕ್ಕ ಹೇಳಿದ್ದಾರೆ.”

ಇಬ್ಬರೂ ನನ್ನ ಕಡೆ ನೋಡಿದರು. ನಾನು ಹಿಟ್ಟಿನ ಕಡೆ ನೋಡಿದೆ.

ಅವತ್ತೇ ಮಧ್ಯಾಹ್ನ ಅತ್ತೆಯನ್ನು ಕೂರಿಸಿಕೊಂಡೆ. “ಇನ್ನು ಮೇಲೆ ‘ಆರಿಸು’ ಅಂತಲೇ ಕೂಗಬೇಕು ಅತ್ತೆ. ಎಲ್ಲಿ, ಒಂದ್ಸಲ ಹೇಳಿ ನೋಡಾಣ.”

ಅತ್ತೆ ಬಾಯಿ ತೆರೆದರು. ಮುಚ್ಚಿದರು. ದೇವರ ಕೋಣೆಯ ಕಡೆ ನೋಡಿದರು, ಮಸಿ ಹಿಡಿದ ಮಾಡಿನ ಕಡೆ ನೋಡಿದರು.

“ಆ ಮಾತು ನನ್ನ ಬಾಯಲ್ಲಿ ಬರಲ್ಲ ಮಾರಾಯ್ತಿ,” ಅಂದರು. “ನಿನ್ನ ಹೆಂಚೇ ಹೊದೆಸು!”