ಯಂತ್ರ ತೋರಿಸಿದ ಮನೆ

ನನ್ನ ಅಕ್ಷರ ಕಾಗೆ ಕಾಲು, ಗುಬ್ಬಿ ಕಾಲು. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು, ಪದಗಳೂ ಕಡಿಮೆ. ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಆದರೆ ಸೈಕಲ್ಲಿನ ಹಿಡಿಗೆ ಸಿಕ್ಕಿಸುವ, ನಕ್ಷೆಯಲ್ಲಿ ದಾರಿ ತೋರಿಸುವ ಪುಟ್ಟ ಯಂತ್ರವನ್ನು ಆರಿಸುವುದರಲ್ಲಿ ನನ್ನನ್ನು ಮೀರಿಸುವವರು ಹುಟ್ಟಿಲ್ಲವೆಂದು ಇವತ್ತು ಬೆಳಗಿನವರೆಗೂ ನಂಬಿದ್ದೆ.

ಚಿಕ್ಕಪ್ಪನ ಇಸ್ತ್ರಿ ಅಂಗಡಿಯ ಬಟ್ಟೆಗಳನ್ನು ಸೈಕಲ್ಲಿನಲ್ಲಿ ಮನೆಮನೆಗೆ ಮುಟ್ಟಿಸುವುದು ನನ್ನ ಕೆಲಸ. ದಾರಿ ಕೇಳಲು ನಾಚಿಕೆ. ಹಾಗಾಗಿ ದಾರಿ ತಪ್ಪುವುದೂ ನನ್ನ ಕೆಲಸವೇ.

"ಇನ್ನೊಂದ್ಸಲ ತಪ್ಪಿದ್ರೆ ಸೈಕಲ್ ಮೂಲೆಗೆ, ನೀನು ಇಸ್ತ್ರಿ ಮೇಜಿನ ಹಿಂದಕ್ಕೆ," ಎಂದರು ಚಿಕ್ಕಪ್ಪ. "ದಾರಿ ತೋರ್ಸೋ ಯಂತ್ರ ಬೇಕಾದ್ರೆ ತಗೊ. ಆದ್ರೆ ನೀನೇ ಆರಿಸ್ಬೇಕು."

ಗಾಳಿ ಮುಖಕ್ಕೆ ಹೊಡೆಯುವ ಆ ಸವಾರಿ ಬಿಟ್ಟರೆ ನನಗೆ ಬೇರೆ ಸುಖವಿಲ್ಲ. ಆರಿಸಿಯೇ ತೀರುತ್ತೇನೆಂದು ಹೊರಟೆ.

ಯಂತ್ರದ ಅಂಗಡಿಯಲ್ಲಿ ಟೈ ಕಟ್ಟಿದ ಮಹಾಶಯರೊಬ್ಬರು ಒಂದೊಂದು ಯಂತ್ರವನ್ನೂ ಹಸುಗೂಸಿನಂತೆ ಎತ್ತಿ ತೋರಿಸಿದರು.

"ಇದು ನಿಮ್ಮ ಎದೆಬಡಿತ ಎಣಿಸುತ್ತೆ."

"ಅದು ನನಗೇ ಕೇಳಿಸ್ತಿದೆ. ಬೀದಿ ಹೆಸರು ತೋರಿಸುತ್ತಾ?"

"ಬೀದಿ ಬರಲ್ಲ. ಹೋಗೋ ದಾರಿಯ ಗೆರೆ ಮಾತ್ರ."

ಖಾಲಿ ಪರದೆಯ ಮೇಲೆ ಒಂದು ಸೊಟ್ಟ ಗೆರೆ. ಅಷ್ಟನ್ನು ನಮ್ಮ ಗೋಡೆಯ ಬಿರುಕೇ ತೋರಿಸುತ್ತದೆ. ಇನ್ನೊಂದನ್ನು ಬಿಸಿಲಿಗೆ ಹಿಡಿದರೆ ನಕ್ಷೆ ಮಾಯವಾಗಿ ನನ್ನ ಮೂಗು ಕಂಡಿತು. ಮತ್ತೊಂದು, ತಿರುವು ತಪ್ಪಿದರೆ ಹೊಸ ದಾರಿ ಹುಡುಕದೆ ಬರೀ ಕಿರುಚುತ್ತದಂತೆ.

"ಕಿರುಚೋಕೆ ಚಿಕ್ಕಪ್ಪ ಇದ್ದಾರೆ," ಎಂದು ಪಕ್ಕಕ್ಕಿಟ್ಟೆ.

ಕೊನೆಗೆ ಗೆದ್ದದ್ದು ಒಂದೇ. ಬೀದಿಯ ಹೆಸರುಂಟು, ಬಿಸಿಲಲ್ಲೂ ಕಾಣುತ್ತದೆ, ಸೈಕಲ್ ತಿರುಗಿದತ್ತ ನಕ್ಷೆಯೂ ತಿರುಗುತ್ತದೆ. ಟೈ ಮಹಾಶಯರು ಅದರಲ್ಲಿ ಏನೇನೋ ಒತ್ತುತ್ತ ನಮ್ಮ ಮನೆಯ ವಿಳಾಸ ಕೇಳಿದರು. ರಸೀದಿಗಿರಬೇಕೆಂದುಕೊಂಡು ಹೇಳಿದೆ.

ಇವತ್ತು ಬೆಳಿಗ್ಗೆ ಚಿಕ್ಕಪ್ಪ, ಊರಿಗೆ ಹೊಸದಾಗಿ ಬಂದ ವಕೀಲರ ಕಪ್ಪು ಕೋಟನ್ನು ನನ್ನ ಕೈಗಿತ್ತರು. "ಆಫೀಸಿಗಲ್ಲ, ಮನೆಗೆ. ಅವರು ಕೋರ್ಟಿಗೆ ಹೊರಡೋದ್ರೊಳಗೆ ಕೊಡ್ಬೇಕು. ದಾರಿ ಹೇಳ್ಲಾ?"

"ಬೇಡ ಬಿಡಿ," ಎಂದೆ ತಾತ್ಸಾರದಿಂದ. ಯಂತ್ರದಲ್ಲಿ 'ಮನೆ' ಎಂಬ ಗುಂಡಿಯೇ ಇತ್ತು. ಇಷ್ಟು ಬುದ್ಧಿವಂತ ಯಂತ್ರ ಚಿಕ್ಕಪ್ಪನ ಮಾತನ್ನು ಕೇಳಿಸಿಕೊಂಡಿರಬೇಕು! ಒತ್ತಿದೆ.

ತಲೆಯೆತ್ತದೆ ನಕ್ಷೆಯನ್ನೇ ನೋಡುತ್ತ ತುಳಿದೆ. ಎಂದೂ ಕಾಣದ ಸಂದಿಗಳಲ್ಲಿ ನುಗ್ಗಿಸಿ, ಒಂದು ಹಿಂಬಾಗಿಲ ಮುಂದೆ ಅದು 'ಮನೆ ತಲುಪಿದ್ದೀರಿ' ಎಂದು ತೋರಿಸಿತು. ನೋಡಿದರೆ, ಗೋಡೆಗೆ ಒರಗಿದ ಕಸದ ಗುಡ್ಡೆ. ಒಡೆದ ಬಕೆಟ್ಟು, ಹಣ್ಣಿನ ಸಿಪ್ಪೆ, ಎಲ್ಲೋ ನೋಡಿದ್ದೆನೆನಿಸುವ ಒಂಟಿ ಚಪ್ಪಲಿ. ಛೀ, ಹೊರಗೆ ಇಸ್ತ್ರಿ ಮಾಡಿದ ಕೋಟು, ಒಳಗೆ ಈ ಬಾಳು! ಈ ಮನೆಯ ಹೆಣ್ಣುಮಕ್ಕಳಿಗೆ ಪೊರಕೆ ಎಂದರೇನೆಂದೇ ಗೊತ್ತಿಲ್ಲವೇ?

ಬಾಗಿಲು ತಟ್ಟಿ, ನಾಚಿಕೆಯಿಂದ ತಲೆ ತಗ್ಗಿಸಿ, ಕೋಟನ್ನು ಮುಂದೆ ಚಾಚಿದೆ. ಬಾಗಿಲು ತೆರೆಯಿತು.

"ವಕೀಲರು ಇದ್ದಾರಾ, ಅಮ್ಮಾ?"

"ವಕೀಲರಿಲ್ಲ," ಎಂದಿತು ಬಲು ಪರಿಚಯದ ದನಿ. "ಅಮ್ಮ ಅಂದದ್ದೊಂದು ಸರಿಯಾಗಿದೆ."

ಆ ಗೋಡೆಯಾಚೆಗೆ ಇಷ್ಟು ವರ್ಷ ಕಸ ಎಸೆದಿದ್ದೆನೇ ಹೊರತು, ಆಚೆಯಿಂದ ನಮ್ಮ ಮನೆಯನ್ನು ಒಂದು ದಿನವೂ ನೋಡಿರಲಿಲ್ಲ.

ಅಷ್ಟರಲ್ಲಿ ಚಿಕ್ಕಪ್ಪನ ಫೋನು. "ವಕೀಲರು ಕೋಟಿಲ್ದೆ ನಮ್ಮಂಗಡೀಲಿ ನಿಂತಿದ್ದಾರೆ. ಎದುರು ಮಹಡೀನೇ ಕಣೇ ಅವರ ಮನೆ! ಎಲ್ಲಿದ್ದೀಯ ನೀನು?"

"ಮನೇಲಿ."

"ಯಾರ ಮನೇಲಿ?"

ನಾಳೆಯಿಂದ ಇಸ್ತ್ರಿ ಮೇಜಿನ ಹಿಂದೆ ನಿಲ್ಲುತ್ತೇನೆ. ಇವತ್ತು ಸಂಜೆ ಆ ಗೋಡೆಯಾಚೆಯ ಕಸ ಎತ್ತುತ್ತೇನೆ.