ನಮ್ಮ ಬಚ್ಚಲುಮನೆ ಸಿಟಿಗೆ ಸೇರಿದ್ದು

ಷಡ್ಡಕನಾದವನು ಒಂದೇ ಊರಿನಲ್ಲಿರಬಾರದು. ಬೇರೆ ಊರಿನಲ್ಲಿದ್ದರೆ ಅವನ ಏಳಿಗೆ ಹಬ್ಬಕ್ಕೆ ಮಾವನ ಮನೆಯಲ್ಲಿ ಸೇರಿದಾಗ ಮಾತ್ರ ಕಣ್ಣು ಚುಚ್ಚುತ್ತದೆ. ನನಗೋ ದಿನಾ ಚುಚ್ಚುತ್ತಿತ್ತು. ನನ್ನ ಹೆಂಡತಿ ಚಲುವಮ್ಮನ ತಂಗಿ ಸುನಿತಾಳನ್ನು ಕಟ್ಟಿಕೊಂಡ ನಿಂಗರಾಜು ನಾಲೆ ರಸ್ತೆಯ ಆಚೆ ಬದಿಗೆ, ರಸ್ತೆಗೆ ಮುಖ ಮಾಡಿ ಮನೆ ಕಟ್ಟಿಸಿಕೊಂಡಿದ್ದ. ನಮ್ಮದು ಈಚೆ ಬದಿ. ಆದರೆ ನಮ್ಮ ಮನೆಯ ಬೆನ್ನು ರಸ್ತೆಗೆ, ಮುಖ ಒಳಬೀದಿಗೆ.

ಹೊಸ ಪಂಚಾಯಿತಿ ಕಾಯ್ದೆ ಬಂದ ಕಾಲವದು. ಬೆಳೆಯುತ್ತ ಬೆಳೆಯುತ್ತ ಸಿಟಿ, ಪಾಲಹಳ್ಳಿ ಕಡೆಯ ನಮ್ಮ ಚಿಕ್ಕಮಾವಿನಕೊಪ್ಪಲಿನವರೆಗೂ ಬಂದುಬಿಟ್ಟಿತ್ತು. ಒಂದು ದಿನ ಸುದ್ದಿ ಹಬ್ಬಿತು: ನಾಲೆ ರಸ್ತೆಗೆ ಮುಂಬಾಗಿಲಿರುವ ಮನೆಗಳು ಸಿಟಿಗೆ, ಒಳಬೀದಿಗೆ ಮುಂಬಾಗಿಲಿರುವವು ಪಂಚಾಯಿತಿಗೆ. ಅಂದರೆ ನಿಂಗರಾಜು ನಗರವಾಸಿ, ನಾನು ಗ್ರಾಮಸ್ಥ!

ಅಂದಿನಿಂದಲೇ ನಿಂಗರಾಜು ಪಂಚೆ ಬಿಟ್ಟು ಪ್ಯಾಂಟು ಹಾಕಿದ. (ಎಮ್ಮೆ ತೊಳೆಯುವಾಗಲೂ ಪ್ಯಾಂಟೇ, ಮಂಡಿಯವರೆಗೆ ಮಡಿಸಿಕೊಂಡು.) ಸುನಿತಾ ಬಟ್ಟಲು ಹಿಡಿದು ಬಂದು, "ಅಕ್ಕಾ, ನಿಮ್ ಹಳ್ಳೀಲಿ ಹೆಪ್ಪಾಕಾಕೆ ಒಸಿ ಮೊಸ್ರು ಸಿಕ್ತದಾ?" ಎಂದಳು.

"ತಕ್ಕೊಂಡೋಗು ಕಣಮ್ಮಿ, ನಿನ್ ಸಿಟಿಗೆಲ್ಲ ಆಗೋವಷ್ಟು ಅದೆ" ಎಂದು ಚಲುವಮ್ಮ ನಗುತ್ತಲೇ ಕೊಟ್ಟಳು. ಅವಳಿಗೆ ಏನೂ ಆಗಲಿಲ್ಲ. ನನಗೆ ಮಾತ್ರ ಅನ್ನ ಸೇರಲಿಲ್ಲ. ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರಿಟ್ಟು ಕರೆಯುವಷ್ಟು ದೊಡ್ಡ ಮನುಷ್ಯ ನಾನಲ್ಲ.

ಆಮೇಲೆ ಹೊಳೆಯಿತು. ಅಡ್ಡಿಯಾಗಿರುವುದು ಬಾಗಿಲು ತಾನೇ? ಗೋಡೆ ಒಡೆದು ರಸ್ತೆ ಕಡೆಗೆ ಇನ್ನೊಂದು ಇಡಿಸಿದರಾಯಿತು!

"ರಸ್ತೆ ಕಡೆ ಇರಾದು ಬಚ್ಚಲುಮನೆ. ಗ್ಯಾನ ಅದಾ ನಿಮ್ಗೆ?" ಎಂದಳು ಚಲುವಮ್ಮ.

"ಇರ್ಲಿ ಬುಡು. ಸಿಟೀಲಿ ಮನೆಯೊಳ್ಗೇ ಬಚ್ಚಲು ಇರ್ತದೆ."

"ಇರ್ತದೆ ಕಣ್ರೀ. ಆದ್ರೆ ಬಂದ ನೆಂಟ್ರು ಬಚ್ಚಲು ದಾಟ್ಕೊಂಡು ಒಳೀಕೆ ಬರಾಕಿಲ್ಲ!"

ಅವಳ ಮಾತನ್ನು ನಾನು ಕೇಳಿದ್ದು ಯಾವಾಗ? ಗೋಡೆ ಒಡೆಸಿ ತೇಗದ ಚೌಕಟ್ಟು ನಿಲ್ಲಿಸಿಯೇ ಬಿಟ್ಟೆ. ಈ ಮಹಾದ್ವಾರದಲ್ಲಿ ಕಾಲಿಟ್ಟರೆ ಬಲಕ್ಕೆ ಹಂಡೆ ಒಲೆ, ಎಡಕ್ಕೆ ಸ್ನಾನದ ಕಲ್ಲು, ಎದುರಿಗೆ ಗೂಟದಲ್ಲಿ ನನ್ನ ಟವೆಲು.

ಗಡಿ ಗುರುತಿಸಲು ಬರುವ ಶ್ರೀಕಂಠಯ್ಯನವರದು ಒಂದು ಪದ್ಧತಿ ಎಂದು ಕೇಳಿದ್ದೆ. ಜನ ತೋರಿಸಿದ ಬಾಗಿಲನ್ನು ಅವರು ನಂಬುತ್ತಿರಲಿಲ್ಲ. ಯಾವ ಹೊಸಿಲಿಗೆ ಅರಿಶಿನ ಕುಂಕುಮ ಬಿದ್ದಿದೆಯೋ ಅದೇ ಮುಂಬಾಗಿಲು. ಹೆಂಗಸರು ಸುಳ್ಳಿಗೆ ಹೊಸಿಲು ಪೂಜೆ ಮಾಡುವುದಿಲ್ಲ ಎಂಬುದು ಅವರ ಸರ್ವೀಸಿನ ಅನುಭವ. (ಗಂಡಸರ ವಿಷಯದಲ್ಲಿ ಅವರಿಗೆ ಅನುಭವ ಸಾಲದು.)

"ಬಚ್ಚಲ್ ಹೊಸಿಲ್ಗೆ ಅರಿಶ್ನ ಬಳುದ್ರೆ ನಮ್ಮತ್ತೆ ಪಟದಿಂದ ಇಳುದ್ ಬಂದು ಬಯ್ತಾರೆ. ನನ್ ಕೈಲಾಗಾಕಿಲ್ಲ" ಎಂದಳು ಚಲುವಮ್ಮ. ಇನ್ನೇನು ಮಾಡಲಿ? ಇಷ್ಟು ದಪ್ಪ ಮೀಸೆ ಹೊತ್ತ ನಾನೇ ಬೆಳಿಗ್ಗೆ ಎದ್ದು, ಕುಕ್ಕರಗಾಲಿನಲ್ಲಿ ಕೂತು, ಹೊಸಿಲಿಗೆ ಅರಿಶಿನ ಬಳಿದು ರಂಗೋಲಿ ಬಿಟ್ಟೆ. ರಂಗೋಲಿ ಕೋಳಿ ಕೆದರಿದ ಹಾಗಿತ್ತು. ನಿಂಗರಾಜು ಆಚೆ ಬದಿಯಲ್ಲಿ ನಿಂತು, ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು, "ಏನ್ ಭಾವ, ಗೌರಿ ಹಬ್ಬವಾ?" ಎಂದ. ಆದರೂ ಬಿಡಲಿಲ್ಲ, ದಿನಾ ಬಳಿದೆ.

ಶ್ರೀಕಂಠಯ್ಯನವರು ಬಂದರು. ರಸ್ತೆ ಕಡೆಯ ಹೊಸಿಲು ನೋಡಿ ತಲೆಯಾಡಿಸಿದರು. ನಾನು ಉಸಿರು ಬಿಡುವಷ್ಟರಲ್ಲಿ ಒಳಬೀದಿಗೂ ಬಳಸಿ ಹೋದರು. ಅಲ್ಲೊಂದು ಹೊಸಿಲು ಅರಿಶಿನ ಕುಂಕುಮದಲ್ಲಿ ಝಗಝಗಿಸುತ್ತಿತ್ತು.

"ಏನ್ರೀ ಮರಿಸ್ವಾಮಿ, ಒಂದು ಮನೆಗೆ ಎರಡು ಮುಂಬಾಗಿಲೇ?"

"ಇದು ಹಿತ್ಲು ಬಾಕ್ಲು ಸ್ವಾಮಿ. ಆ ಕಡೇದೇ ಮುಂಬಾಕ್ಲು."

"ಸುಳ್ಳು ಸ್ವಾಮಿ!" ಚಲುವಮ್ಮ ಸೆರಗು ಸಿಕ್ಕಿಸಿಕೊಂಡು ಬಂದಳು. "ಮದ್ವೆಯಾಗಿ ನಾನು ಅಕ್ಕಿ ಸೇರು ಒದ್ದು ಒಳೀಕೆ ಬಂದದ್ದು ಈ ಹೊಸಿಲಿಂದ. ನಾನು ಈ ಊರೋಳೆ. ಅವ್ರು ಎಲ್ಗಾರ ಸೇರ್ಕಳ್ಳಿ."

"ನಾನು ಸಿಟಿಯೋನೇ!" ಎಂದು ನಾನೂ ಕೂಗಿದೆ. (ಆಗ ನನ್ನ ಮೂಗಿನ ತುದಿಗೆ ಅರಿಶಿನ ಅಂಟಿತ್ತಂತೆ.)

ಶ್ರೀಕಂಠಯ್ಯನವರು ಕನ್ನಡಕ ಒರೆಸಿಕೊಂಡು ಇಬ್ಬರ ಮಾತನ್ನೂ ಎತ್ತಿಹಿಡಿದರು. "ಎರಡು ಹೊಸಿಲು, ಎರಡು ಮನೆ. ಯಾರಿಗೂ ಅನ್ಯಾಯ ಆಗಬಾರದು ನೋಡಿ." ಬಚ್ಚಲುಮನೆ ನನ್ನ ಹೆಸರಿನಲ್ಲಿ ಸಿಟಿಗೆ ಸೇರಿತು. ಮಿಕ್ಕ ಮನೆ ಚಲುವಮ್ಮನ ಹೆಸರಿನಲ್ಲಿ ಪಂಚಾಯಿತಿಗೆ ಉಳಿಯಿತು. ನನಗೆ ಸಂಕಟವೆಲ್ಲಿ ಬಂತು? ನಿಂಗರಾಜುವಿಗೆ ಸಮನಾದೆನಲ್ಲ ಎಂದು ಊರಿಗೆಲ್ಲ ಸಕ್ಕರೆ ಹಂಚಿದೆ.

ಅಷ್ಟರಲ್ಲಿ ಪಂಚಾಯಿತಿ ಚುನಾವಣೆ ಬಂತು. ಅಧ್ಯಕ್ಷಸ್ಥಾನ ಮಹಿಳೆಗೆ ಮೀಸಲು. ಊರವರು ಚಲುವಮ್ಮನನ್ನು ನಿಲ್ಲಿಸಿದರು. ಗೆದ್ದಳು, ಅಧ್ಯಕ್ಷೆಯೂ ಆದಳು. ನನಗೆ ಅಲ್ಲಿ ಓಟೇ ಇರಲಿಲ್ಲ. ಸುತ್ತಮುತ್ತಲಿನ ಊರುಗಳಲ್ಲಿ ಗೆದ್ದ ಹೆಂಗಸರ ಗಂಡಂದಿರೆಲ್ಲ ತಾವೇ ಅಧ್ಯಕ್ಷರ ಹಾಗೆ ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಿದ್ದರು. ನಾನು ನಮ್ಮೂರ ಪಂಚಾಯಿತಿ ಆಫೀಸಿಗೆ ಹೋದರೆ ಮೆಂಬರು ಕುಳ್ಳಯ್ಯ, "ಸಿಟಿಯೋರ್ಗೆ ಇಲ್ಲೇನ್ ಕೆಲ್ಸ ಮರಿಸ್ವಾಮಣ್ಣ?" ಎಂದು ಮೆಟ್ಟಿಲಿನಿಂದಲೇ ವಾಪಸು ಕಳಿಸಿದ. ನಿಂಗರಾಜುವಿನ ಮೇಲಿದ್ದ ಹೊಟ್ಟೆಕಿಚ್ಚೆಲ್ಲ ನನ್ನ ಹೆಂಡತಿಯ ಮೇಲಕ್ಕೆ ವರ್ಗವಾಯಿತು. ಅವಳಿಗೆ ಕುರ್ಚಿ, ಸಹಿ, ನಮಸ್ಕಾರ. ನನಗೆ ಹಂಡೆ.

ಅವಳ ಸನ್ಮಾನದ ದಿನ, ಫೋಟೋದಲ್ಲಾದರೂ ಪಕ್ಕ ನಿಲ್ಲೋಣವೆಂದು ರೇಷ್ಮೆ ಶಲ್ಯ ತೆಗೆದಿಟ್ಟು ಸ್ನಾನಕ್ಕೆ ಕೂತೆ. ಮೈಗೆಲ್ಲ ಸೋಪು ಹಚ್ಚಿಕೊಂಡಿದ್ದೆ. ತಮಟೆ ಸದ್ದು ಹತ್ತಿರವಾಯಿತು. ಶ್ರೀರಂಗಪಟ್ಟಣ, ಪಾಂಡವಪುರದಿಂದ ಬಂದ ಮುಖಂಡರು ರಸ್ತೆಯಲ್ಲೇ ನಿಂತು ಅಧ್ಯಕ್ಷರ ಮನೆ ಯಾವುದೆಂದು ಕೇಳುತ್ತಿದ್ದರು.

"ಇದೇ ಮುಂಬಾಕ್ಲು, ಬನ್ನಿ" ಎಂಬ ನಿಂಗರಾಜುವಿನ ದನಿ. "ನಮ್ ಭಾವ್ನೋರೇ ಗೌರ್ಮೆಂಟಿಗೆ ಹೇಳವ್ರೆ."

ಹೊಸಿಲಿನ ಅರಿಶಿನ ನೋಡಿ ಅವರು ಚಪ್ಪಲಿ ಬಿಟ್ಟರು. ಮುಂಬಾಗಿಲನ್ನು ಹಗಲು ಹೊತ್ತು ಮುಚ್ಚಬಾರದೆಂದು ನಾನು ಚಿಲಕವನ್ನೇ ಹಾಕಿಸಿರಲಿಲ್ಲ. ಸಾಲಾಗಿ ಒಳಗೆ ಬಂದರು. ಗೂಟದ ಟವೆಲಿಗೆ ಕೈ ಹಾಕುವಷ್ಟರಲ್ಲಿ ಹಾರ ಹಿಡಿದವರು ನನ್ನ ಮುಂದೆ ನಿಂತಿದ್ದರು. ಮುಖದ ನೊರೆಯಲ್ಲಿ ಯಾರೆಂದು ತಿಳಿಯದೆ ಹಾರವನ್ನು ನನ್ನ ಕಡೆಗೇ ಎತ್ತಿದರು. ನಾನೂ, ಸುಳ್ಳೇಕೆ, ಕತ್ತು ಬಗ್ಗಿಸಿದೆ.

ಒಳಗಿನಿಂದ ಚಲುವಮ್ಮ ಕೂಗಿದಳು: "ಅವ್ರಿಗ್ ಹಾಕ್ಬುಟ್ಟೀರಿ! ಅವ್ರು ನಮ್ ಪಂಚಾಯ್ತಿಗೆ ಸೇರ್ದೋರಲ್ಲ, ಸಿಟಿಯೋರು. ದಾಟ್ಕೊಂಡು ಇತ್ಲಾಗ್ ಬನ್ನಿ."

ಅವರು ಒಬ್ಬೊಬ್ಬರಾಗಿ ನನಗೆ ಕೈಮುಗಿದು, ನನ್ನನ್ನು ಬಳಸಿಕೊಂಡು ಹಳ್ಳಿಗೆ ಹೊರಟುಹೋದರು. ಕೊನೆಗೆ ತಮಟೆಯವನು, ಅವನ ಹಿಂದೆ ನಿಂಗರಾಜುವೂ ಹೋದ. ಸಿಟಿಯಲ್ಲಿ ಚೊಂಬು ಹಿಡಿದುಕೊಂಡು ನಾನೊಬ್ಬನೇ ಉಳಿದೆ.