ಬ್ರೇಕಿಲ್ಲದ ಶನಿವಾರ

ಕನಕರಾಜುವಿನ ಸ್ಕೂಟರಿನ ಬ್ರೇಕು ಕೈಕೊಟ್ಟು ವಾರವಾಗಿತ್ತು. ಮುಂದಿನದು ಯಾವತ್ತೋ ಸತ್ತಿತ್ತು, ಈಗ ಹಿಂದಿನದೂ ಹೋಯಿತು. ಅವನು ಬ್ರೇಕಿನ ಮೇಲೆ ಕಾಲಿಡುವುದನ್ನೇ ಬಿಟ್ಟಿದ್ದ. ನಿಲ್ಲಿಸಬೇಕಾದರೆ ಆಕ್ಸಿಲರೇಟರ್ ಬಿಟ್ಟು, ನೆಲಕ್ಕೆ ಕಾಲು ಕೊಟ್ಟು ಎಳೆದುಕೊಂಡು ಬರುತ್ತಿದ್ದ. ಹೆಂಡತಿ ಸುಲೋಚನಮ್ಮ ದಿನಾ ಬೆಳಿಗ್ಗೆ ಕಾಫಿ ಲೋಟದ ಜೊತೆ ಆ ವಿಷಯವನ್ನೂ ತಂದು ಮುಂದಿಡುತ್ತಿದ್ದಳು.

"ಏನ್ರೀ, ಬ್ರೇಕ್ ಸರಿ ಮಾಡಿಸ್ರೀ. ಈ ವಯಸ್ನಲ್ಲಿ ಮೂಳೆ ಮುರಿದ್ರೆ ಕೂಡಲ್ಲ."

"ಬ್ರೇಕೇ ಇಲ್ಲದ ಗಾಡಿಗಳನ್ನ ವರ್ಷಗಟ್ಟಲೆ ನೋಡಿದೋನು ಕಣೇ ನಾನು."

"ನೋಡಿದ್ರಿ. ಓಡಿಸ್ಲಿಲ್ಲ," ಎಂದು ಅವಳು ಒಳಗೆ ಹೋಗುತ್ತಿದ್ದಳು.

ಈ ಬ್ರೇಕಿಲ್ಲದ ಗಾಡಿಗಳ ಕತೆ ಕೇಳದವರು ಅಜ್ಜಂಪುರದಲ್ಲಿ ಯಾರೂ ಇಲ್ಲ. ಎಪ್ಪತ್ತರ ದಶಕದಲ್ಲಿ ಕನಕರಾಜು ಇಂಗ್ಲೆಂಡಿನ ಕಾವೆಂಟ್ರಿ ಎಂಬ ಊರಿನ ಕಾರ್ಖಾನೆಯಲ್ಲಿ ಲೇಥ್ ಯಂತ್ರದ ಕೆಲಸಕ್ಕಿದ್ದ. ಅಲ್ಲಿ ಶನಿವಾರ ಸಂಜೆಯಾದರೆ ಸ್ಪೀಡ್‌ವೇ ಎಂಬ ಮೋಟಾರ್ ಸೈಕಲ್ ಪಂದ್ಯ. ಕೆಮ್ಮಣ್ಣಿನ ದುಂಡು ಅಂಗಳ, ನಾಲ್ಕು ಗಾಡಿ, ಎಡಕ್ಕೇ ನಾಲ್ಕು ಸುತ್ತು. ಗಾಡಿಗೆ ಒಂದೇ ಗೇರು, ಬ್ರೇಕಂತೂ ಇಲ್ಲವೇ ಇಲ್ಲ. ತಿರುವು ಬಂದರೆ ಸವಾರ ಎಡಗಾಲನ್ನು ನೆಲಕ್ಕೂರಿ, ಗಾಡಿಯನ್ನು ಅಡ್ಡ ಮಾಡಿ, ಹಿಂದಿನ ಚಕ್ರ ಜಾರಿಸಿಕೊಂಡೇ ತಿರುಗಬೇಕು. ಸವೆಯದಿರಲೆಂದು ಆ ಕಾಲಿನ ಬೂಟಿಗೆ ಕಬ್ಬಿಣದ ತಗಡು ಕಟ್ಟಿರುತ್ತಾರೆ.

ಕನಕರಾಜುವಿಗೆ ಅದು ಬರೀ ಪಂದ್ಯವಾಗಿರಲಿಲ್ಲ. ಹೋದ ಹೊಸದರಲ್ಲಿ ಭಾಷೆ ಬಾರದು, ಚಳಿ ತಡೆಯದು, ಮಾತಾಡಿಸುವವರಿಲ್ಲ. ರೂಮಿನಲ್ಲಿ ಕುಳಿತು ಅತ್ತಿದ್ದೂ ಉಂಟು. ಪಕ್ಕದ ಲೇಥಿನ ಡೆರೆಕ್ ಒಂದು ಶನಿವಾರ ಇವನ ರಟ್ಟೆ ಹಿಡಿದು ಎಳೆದುಕೊಂಡು ಹೋದ. ಗಾಡಿಗಳು ಹೊರಟವು. ತಿರುವಿನಲ್ಲಿ ನಿಂತಿದ್ದ ಇವನ ಮುಖಕ್ಕೆ ಕೆಮ್ಮಣ್ಣು ರಪ್ಪನೆ ರಾಚಿತು, ಅದರ ಹಿಂದೆಯೇ ಹೊಗೆ ಬಂತು. ಅಯ್ಯೋ ಶಿವನೇ, ಹರಳೆಣ್ಣೆ ವಾಸನೆ! ಆ ಎಂಜಿನ್ನುಗಳಿಗೆ ಹಾಕುತ್ತಿದ್ದುದೇ ಹರಳೆಣ್ಣೆ. ಶನಿವಾರ ಶನಿವಾರ ಅವ್ವ ನೆತ್ತಿಗೆ ತಟ್ಟುತ್ತಿದ್ದ ಎಣ್ಣೆ ಏಳು ಸಮುದ್ರದಾಚೆ ಮೂಗಿಗೆ ಬಡಿದರೆ, ಅದೂ ಶನಿವಾರವೇ ಬಡಿದರೆ, ಮನುಷ್ಯನಿಗೆ ಹೇಗಾಗಬೇಡ! ಅವತ್ತಿನಿಂದ ಊರಿಗೆ ಮರಳುವ ತನಕ ಅವನು ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ.

ಇದರಲ್ಲಿ ಒಂದಕ್ಷರವನ್ನೂ ನಂಬದವನೆಂದರೆ ಪಕ್ಕದ ಮನೆಯ ಗುಂಡಣ್ಣ. ಸರ್ವೆ ಇಲಾಖೆಯಲ್ಲಿದ್ದು ನಿವೃತ್ತನಾದವನು. ಚೈನು ಹಿಡಿದು ಅಳೆಯದ ಹೊರತು ತನ್ನ ಸ್ವಂತ ಹಿತ್ತಲಿದೆ ಎಂದೂ ಒಪ್ಪುವ ಆಸಾಮಿಯಲ್ಲ.

"ಬ್ರೇಕಿಲ್ಲ, ಗೇರೊಂದೇ, ಕುಡಿಯೋಕೆ ಹರಳೆಣ್ಣೆ, ಸುತ್ತೋದು ಒಂದೇ ಕಡೆಗೆ! ಲೇ ರಾಜು, ನೀನು ನೋಡಿದ್ದು ಮೋಟಾರ್ ಸೈಕಲ್ಲೋ, ಗಾಣದೆತ್ತೋ?" ಎಂದು ಅವನು ಚನ್ನಬಸಪ್ಪನ ಟೀ ಅಂಗಡಿಯಲ್ಲಿ ಒಮ್ಮೆ ಕೇಳಿದ್ದೇ ತಡ, ಊರಿಗೆ ಊರೇ ನಕ್ಕಿತು. 'ಬುರುಡೆ ರಾಜು' ಎಂಬ ಹೆಸರು ಅಂಟಿಕೊಂಡಿತು. ಮೊಬೈಲಿನಲ್ಲಿ ವಿಡಿಯೊ ತೋರಿಸಿದ್ದೂ ಆಯಿತು. "ಈಗ ಮೊಬೈಲ್‌ನಲ್ಲಿ ಕೋತಿನೂ ಹರಿಕತೆ ಮಾಡುತ್ತೆ ಕಣಯ್ಯ. ಎಲ್ಲಾ ಎಐ," ಎಂದುಬಿಟ್ಟ ಗುಂಡಣ್ಣ.

ನಕ್ಕರೆ ನಗಲಿ ಎಂದು ಕನಕರಾಜು ಮೇಲೆ ಮೇಲೆ ಅನ್ನುತ್ತಿದ್ದ, ಒಳಗೆ ಮುಳ್ಳಾಡುತ್ತಿತ್ತು. ಅವನ ಬಾಳಿನ ಚೆಂದದ ದಿನಗಳೇ ಅವು. ಸುಲೋಚನಮ್ಮನ ಎದುರಿಗೆ ಹಾಗನ್ನುತ್ತಿರಲಿಲ್ಲ, ಅದು ಬೇರೆ ಮಾತು. ಅವನ್ನೇ ಸುಳ್ಳೆಂದರೆ ಮನುಷ್ಯನ ಹತ್ತಿರ ಉಳಿಯುವುದೇನು?

ಶುಕ್ರವಾರ ಡೆರೆಕ್‌ನ ಮೆಸೇಜು ಬಂತು. ಹೆಂಡತಿಯ ಜೊತೆ ಇಂಡಿಯಾ ಪ್ರವಾಸ ಬಂದಿದ್ದಾನೆ, ನಾಳೆ ಬೆಳಿಗ್ಗೆ ಪ್ರವಾಸದ ಬಸ್ಸು ಅಮೃತಾಪುರದ ಗುಡಿಗೆ ಬರುತ್ತದೆ, ಅಲ್ಲೇ ಸಿಗು ರಾಜ್! ಕನಕರಾಜು ಓಡಿಹೋಗಿ ಗುಂಡಣ್ಣನ ಬಾಗಿಲು ಬಡಿದ.

"ನಾಳೆ ನನ್ ಜೊತೆ ಬಾ. ಕಣ್ಣಾರೆ ಕಂಡ ಸಾಕ್ಷಿ ಬರ್ತಾ ಇದ್ದಾನೆ. ನೀನೇ ಕೇಳು."

ಗುಂಡಣ್ಣ ಕನ್ನಡಕ ಸರಿಮಾಡಿಕೊಂಡ. "ಬತ್ತೀನಿ. ಬ್ರೇಕಿಲ್ಲ ಅಂತ ಸಾಬೀತಾದ್ರೆ, ಸಂಜೆ ಚನ್ನಬಸಪ್ಪನ ಅಂಗಡೀಲಿ ಬೆಂಚು ಹತ್ತಿ ನಿಂತು, ರಾಜು ಹೇಳಿದ್ದೆಲ್ಲಾ ನಿಜ ಅಂತ ನಾನೇ ಕೂಗ್ತೀನಿ. ಆಗ್ಲಿಲ್ಲ ಅಂದ್ರೆ, ಸಾಯೋವರೆಗೂ ನಿನ್ ಬಾಯಲ್ಲಿ ಇಂಗ್ಲೆಂಡು ಅನ್ನೋ ಮಾತು ಬರಬಾರ್ದು. ಆಗಬೋದಾ?"

ಕನಕರಾಜು ಕೈ ಮುಂದೆ ಚಾಚಿದ. "ಆಗ್ಲಿ," ಎಂದ.

ಶನಿವಾರ ಬೆಳಿಗ್ಗೆ ಇಬ್ಬರೂ ಸ್ಕೂಟರಿನಲ್ಲಿ ಹೊರಟರು. ಬ್ರೇಕಿನ ವಿಷಯ ಕನಕರಾಜು ಬಾಯಿಬಿಡಲಿಲ್ಲ. ಹೇಳಿದರೆ ಗುಂಡಣ್ಣ ಹತ್ತುತ್ತಿರಲಿಲ್ಲವಲ್ಲ. ದಾರಿಯುದ್ದಕ್ಕೂ ಮೆತ್ತಗೆ ಬಂದರು. ಅಮೃತಾಪುರ ಇನ್ನೇನು ಬಂತು ಎನ್ನುವಾಗ ಒಂದು ಇಳಿಜಾರು, ಇಳಿಜಾರಿನ ಕೊನೆಗೆ ಎಡಕ್ಕೆ ತಿರುವು. ಆ ತಿರುವಿನಲ್ಲಿ ತಿಮ್ಮಕ್ಕ ಎಂಬ ಹೆಂಗಸು ತನ್ನ ಹೊಲದ ಹುರುಳಿಯನ್ನೆಲ್ಲ ಟಾರು ರಸ್ತೆಯ ಮೇಲೆ ಮಂಡಿಯೆತ್ತರಕ್ಕೆ ಹರವಿದ್ದಳು. ಆ ಸೀಮೆಯಲ್ಲಿ ಅದು ವಾಡಿಕೆ. ಬಸ್ಸು ಲಾರಿಗಳು ಓಡಾಡಿದರೆ ಕಾಯಿ ಒಡೆದು ಕಾಳು ಉದುರುತ್ತದೆ, ಒಕ್ಕಣೆ ಪುಕ್ಕಟೆ. ಎರಡು ಚಕ್ರದವರಿಗೆ ಮಾತ್ರ ಅದು ಎಣ್ಣೆ ಸವರಿದ ಬಂಡೆ.

"ರಾಜೂ, ಹುರುಳಿ! ಬ್ರೇಕ್ ಹಾಕೋ!"

"ಎಲ್ಲಿದೆ ಬ್ರೇಕು?"

"ಏನಂದೆ?"

"ಬ್ರೇಕಿಲ್ಲ ಕಣೋ! ವಾರ ಆಯ್ತು!"

"ಹತ್ತೋಕೆ ಮುಂಚೆ ಹೇಳ್ಬಾರ್ದೇನೋ ಪಾಪಿ! ಅಮೃತೇಶ್ವರಾ, ಕಾಪಾಡಪ್ಪಾ!"

ಅರ್ಧ ಶತಮಾನದಿಂದ ಕಣ್ಣಲ್ಲಿ ತುಂಬಿಕೊಂಡಿದ್ದು ಆ ಗಳಿಗೆಯಲ್ಲಿ ಕನಕರಾಜುವಿನ ಕಾಲಿಗಿಳಿಯಿತು. ಎಡಗಾಲು ತಾನಾಗಿ ಮುಂದಕ್ಕೆ ಚಾಚಿ ನೆಲಕ್ಕೂರಿತು. ಹ್ಯಾಂಡಲ್ ಬಲಕ್ಕೆ ಹೊರಳಿತು, ಬಲಗೈ ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿತು. ಸ್ಕೂಟರು ಅಡ್ಡಡ್ಡ ಮಲಗಿ, ಹಿಂದಿನ ಚಕ್ರದಿಂದ ಹುರುಳಿ ಹೊಟ್ಟನ್ನು ಆಳೆತ್ತರ ಚಿಮ್ಮುತ್ತಾ ಇಡೀ ತಿರುವನ್ನು ಜಾರಿಕೊಂಡೇ ಸುತ್ತಿತು. ಹೊಟ್ಟು ಮುಖಕ್ಕೆ ರಾಚಿದಾಗ ಅವನಿಗೆ ಒಂದು ಕ್ಷಣ ಕಾವೆಂಟ್ರಿಯ ದೀಪಗಳು ಕಂಡವು. ತಿರುವು ಮುಗಿದ ಕಡೆ ಹುರುಳಿ ಸೊಪ್ಪಿನ ರಾಶಿಗೆ ಮೂತಿಯಿಟ್ಟು ಸ್ಕೂಟರು ನಿಂತಿತು. ಇಬ್ಬರೂ ಸೀಟಿನ ಮೇಲೇ ಇದ್ದರು. ಎಡಗಾಲಿನ ಚಪ್ಪಲಿ ಮಾತ್ರ ಚಿಂದಿಯಾಗಿ ಎಲ್ಲೋ ಹೋಗಿತ್ತು.

"ಮೂರು ಪಾಯಿಂಟು!" ಎಂದು ಕನಕರಾಜು ಕೈಯೆತ್ತಿ ಕೂಗಿದ. ಅಲ್ಲಿ ಗೆದ್ದವನಿಗೆ ಕೊಡುವುದು ಅಷ್ಟು.

ತಿಮ್ಮಕ್ಕ ಪೊರಕೆ ಹಿಡಿದು ಬಂದಳು. "ಕಣ್ಣು ಕಾಣಾಕಿಲ್ವೇನ್ರಪ್ಪಾ? ತಲೆ ನೋಡಿದ್ರೆ ಬೆಳ್ಳಗಾಗೈತೆ, ಜಾರುಬಂಡೆ ಆಡಾಕ್ ಬಂದವ್ರೆ! ಕಾಳೆಲ್ಲ ಬೇಲಿ ಪಾಲಾಯ್ತಲ್ಲ!"

ಬದುಕಿ ಉಳಿದ ಗುಂಡಣ್ಣನಿಗೆ ಯಾರ ಮೇಲಾದರೂ ರೇಗಬೇಕಿತ್ತು. "ಏನಮ್ಮಾ ನಿನ್ ಹೆಸ್ರು? ತಿಮ್ಮಕ್ಕಾನಾ? ರಸ್ತೆ ಮೇಲೆ ಒಕ್ಕಣೆ ಮಾಡ್ಬಾರ್ದು ಅಂತ ಗೊತ್ತಿಲ್ವಾ? ನಾನು ಸರ್ವೆ ಇಲಾಖೆಯೋನು. ಬತ್ತೀನಿ ಇರು, ಮೇಲಿನೋರನ್ನ ಕರ್ಕೊಂಡೇ ಬತ್ತೀನಿ," ಎಂದು ಗುಡುಗಿದ. ನಿವೃತ್ತನಾದ ಸಂಗತಿ ಹೇಳಲಿಲ್ಲ. ತಿಮ್ಮಕ್ಕ ಪೊರಕೆ ಕೆಳಗಿಳಿಸಿದಳು. ಸ್ಕೂಟರನ್ನು ಅಲ್ಲೇ ಬೇವಿನ ಮರದಡಿ ನಿಲ್ಲಿಸಿ ಇಬ್ಬರೂ ಗುಡಿಗೆ ನಡೆದರು. ಕನಕರಾಜುವಿಗೆ ಒಂದೇ ಚಪ್ಪಲಿ.

ಗುಡಿಯ ಮುಂದಿನ ಹುಲ್ಲಿನಲ್ಲಿ ಡೆರೆಕ್ ನಿಂತಿದ್ದ. ತಲೆ ಪೂರಾ ಬೋಳು, ಹೊಟ್ಟೆ ಮುಂದೆ. ಕನಕರಾಜುವನ್ನು ಕಂಡದ್ದೇ ತಡ, ಮಂಡಿ ಬಗ್ಗಿಸಿ, ಎಡಗಾಲು ಮುಂದಕ್ಕೆ ಚಾಚಿ, ಬಲಗೈ ತಿರುಗಿಸಿ ಬಾಯಲ್ಲೇ "ಡುರ್ರ್ರ್" ಎಂದ. ಕನಕರಾಜುವೂ ಒಂಟಿ ಚಪ್ಪಲಿಯಲ್ಲಿ ಬಗ್ಗಿ "ಡುರ್ರ್ರ್" ಎಂದ. ಇಬ್ಬರು ಮುದುಕರೂ ಹುಲ್ಲಿನ ಮೇಲೆ ಎಡಕ್ಕೇ ಒಂದು ಸುತ್ತು ಬಂದು ತಬ್ಬಿಕೊಂಡು ಅತ್ತರು. ಪ್ರವಾಸಿಗಳೆಲ್ಲ ಗುಡಿ ಬಿಟ್ಟು ಇವರ ಫೋಟೊ ತೆಗೆದರು.

"ಟ್ರ್ಯಾಕ್ ಮುಚ್ಚಿಹೋಯಿತು ರಾಜ್. ನಾವು ನಿಲ್ಲುತ್ತಿದ್ದ ತಿರುವಿನಲ್ಲಿ ಈಗ ಗಿಡಗಂಟಿ," ಎಂದ ಡೆರೆಕ್. ಕನಕರಾಜುವಿಗೆ ಸ್ವಂತ ಮನೆ ಬಿದ್ದ ಸುದ್ದಿ ಕೇಳಿದ ಹಾಗಾಯಿತು.

ಗುಂಡಣ್ಣ ಗಂಟಲು ಸರಿಮಾಡಿಕೊಂಡು ಆಫೀಸಿನ ಇಂಗ್ಲಿಷಿನಲ್ಲಿ ವಿಚಾರಣೆ ಶುರುಮಾಡಿದ. ಆ ಗಾಡಿಗಳಿಗೆ ಬ್ರೇಕು ಇತ್ತೇ? "ಒಂದಕ್ಕೂ ಇರಲಿಲ್ಲ!" ಎಂಜಿನ್ನಿಗೆ ಎಂಥ ಎಣ್ಣೆ? "ಹರಳೆಣ್ಣೆ!" ಕನಕರಾಜುವಿನ ಎದೆ ಉಬ್ಬಿತು. ಗುಂಡಣ್ಣನ ಮುಖ ಇಳಿಯಿತು, ಬೆಂಚು ಹತ್ತುವುದು ತಪ್ಪಿದ್ದಲ್ಲ ಎಂದು ಮಂಡಿ ನೀವಿಕೊಂಡ.

ಅಷ್ಟರಲ್ಲಿ ಡೆರೆಕ್‌ನ ಹೆಂಡತಿ ಮಾರ್ಗರೆಟ್ ನಗುತ್ತಾ ಬಂದಳು. ಟ್ರ್ಯಾಕ್ ಮುಚ್ಚಿದ ಮೇಲೆ ಡೆರೆಕ್‌ನನ್ನು ಮದುವೆಯಾದವಳು ಅವಳು, ದೂರದ ಊರಿನವಳು, ಆ ಪಂದ್ಯವನ್ನು ಕಂಡವಳೇ ಅಲ್ಲ.

"ನೀವು ಇವನ ಮಾತು ನಂಬುತ್ತೀರಾ?" ಎಂದಳು ಗುಂಡಣ್ಣನಿಗೆ. "ನಮ್ಮ ಬೀದಿಯಲ್ಲಿ ಒಬ್ಬರೂ ನಂಬುವುದಿಲ್ಲ. ಇಂಡಿಯಾದಲ್ಲಿ ರೈತರು ಬೆಳೆ ತಂದು ಹೆದ್ದಾರಿ ಮೇಲೆ ಹಾಕುತ್ತಾರಂತೆ, ಬಸ್ಸು ಬಂದು ಒಕ್ಕಿ ಕೊಡುತ್ತದಂತೆ! ರಾಜ್ ಹೇಳಿದ್ದು ಎಂದು ಎಪ್ಪತ್ತರ ದಶಕದಿಂದಲೂ ಇದನ್ನೇ ಹೇಳಿಕೊಂಡು ತಿರುಗುತ್ತಾನೆ. ಊರೆಲ್ಲ ಇವನನ್ನು 'ಬಸ್ಸು ಡೆರೆಕ್' ಅನ್ನುತ್ತದೆ."

ಡೆರೆಕ್ ತಲೆ ತಗ್ಗಿಸಿದ. "ಅದಕ್ಕೇ ಇವಳನ್ನ ಕರಕೊಂಡು ಬಂದೆ ರಾಜ್. ನೀನೇ ಸಾಕ್ಷಿ."

"ಇಷ್ಟೇನಾ!" ಎಂದ ಕನಕರಾಜು. "ಬನ್ನಿ, ಇಲ್ಲೇ ತಿರುವಲ್ಲಿದೆ. ಕಣ್ತುಂಬ ತೋರಿಸ್ತೀನಿ."

ನಾಲ್ವರೂ ನಡೆದರು. ತಿರುವಿಗೆ ಬಂದು ನೋಡಿದರೆ ರಸ್ತೆ ಸಾರಿಸಿದ ಅಂಗಳದ ಹಾಗಿದೆ! ಹುರುಳಿ ಇಲ್ಲ, ಹೊಟ್ಟಿಲ್ಲ, ಸೊಪ್ಪಿನ ರಾಶಿಯೂ ಇಲ್ಲ. ತಿಮ್ಮಕ್ಕ ಕಲ್ಲಿನ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂತಿದ್ದಳು. ಸರ್ವೆ ಇಲಾಖೆಯವನು ಮೇಲಿನವರನ್ನು ಕರೆದುಕೊಂಡೇ ಬಂದನಲ್ಲಪ್ಪಾ, ಅದೂ ಬಿಳಿಯರನ್ನು, ಅದೂ ಕ್ಯಾಮೆರಾ ಸಮೇತ ಎಂದು ಧಡಕ್ಕನೆ ಎದ್ದಳು.

"ತಿಮ್ಮಕ್ಕಾ, ಹುರುಳಿ ಎಲ್ಲಮ್ಮಾ?" ಎಂದ ಕನಕರಾಜು.

"ಯಾವ ಹುರುಳಿ ಸ್ವಾಮಿ?"

"ರಸ್ತೆ ಮೇಲೆ ಹಾಕಿದ್ಯಲ್ಲ!"

"ರಸ್ತೆ ಮ್ಯಾಲಾ? ಶಿವಶಿವಾ! ರಸ್ತೆ ಇರಾದು ಬಸ್ ಓಡಾಡಾಕೆ. ನಮ್ ಕಡೆ ಹಂಗೆಲ್ಲ ಮಾಡಾಕಿಲ್ಲ ಬುಡಿ," ಎಂದಳು ತಿಮ್ಮಕ್ಕ. ತಲೆಗೂದಲ ತುಂಬ ಹೊಟ್ಟು.

ಗುಂಡಣ್ಣ ಅದನ್ನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಂದ. ಮಾರ್ಗರೆಟ್ ಅವನನ್ನೇ ಕೇಳಿದಳು, "ನೀವು ಸರ್ಕಾರದಲ್ಲಿದ್ದವರು. ನೀವು ಹೇಳಿ, ಹೀಗೆ ಮಾಡುತ್ತಾರೆಯೇ?"

ಗುಂಡಣ್ಣ ಬೆನ್ನು ನೆಟ್ಟಗೆ ಮಾಡಿದ. "ಮೇಡಂ, ಕಾನೂನಿನಲ್ಲಿ ಅದಕ್ಕೆ ಅವಕಾಶವಿಲ್ಲ."

ಮಾರ್ಗರೆಟ್ ಗಂಡನ ಕಡೆ ನೋಡಿದ ನೋಟದಲ್ಲೇ ಎಲ್ಲ ಮುಗಿಯಿತು. ಆಚೆ ಪ್ರವಾಸದ ಬಸ್ಸು ಹಾರನ್ ಹೊಡೆಯಿತು. "ಹೋಗಲಿ ಬಿಡು ರಾಜ್. ನಾವಿಬ್ಬರೂ ನೋಡಿದ್ದೇವಲ್ಲ," ಎಂದು ಡೆರೆಕ್ ಅವನ ಕೈ ಅದುಮಿ ಹೊರಟುಹೋದ.

"ಲೋ ಗುಂಡಾ, ಹುರುಳಿ ನಿಜ ಅಂತ ನಿಂಗೊತ್ತಿರ್ಲಿಲ್ವೇನೋ?" ಎಂದ ಕನಕರಾಜು.

"ನಾನು ಸುಳ್ಳು ಹೇಳ್ಲಿಲ್ಲ. ಅವಕಾಶ ಇಲ್ಲ ಅಂದೆ. ಸರ್ಕಾರದ ಪೆನ್ಷನ್ ತಿನ್ನೋನು ಇನ್ನೇನು ಹೇಳ್ಲಿ? ಕಟ್ಕೊಂಡ ಹೆಂಡ್ತಿನೇ ನಂಬದಿರೋ ಸಾಕ್ಷಿನ ನಾನು ಒಪ್ಪಲ್ಲ. ಮುಗೀತು."

ಒಂದನೇ ಗೇರಿನಲ್ಲೇ ವಾಪಸು ಹೊರಟರು. ಗುಂಡಣ್ಣ ಹಿಂದೆ ಕೂತು ಎರಡೂ ಕಾಲನ್ನು ನೆಲಕ್ಕೆ ತಾಗಿಸಿಕೊಂಡೇ ಬಂದ. ಇಂಗ್ಲೆಂಡು ಬಿಟ್ಟರೆ ಕನಕರಾಜುವಿಗೆ ಆಡಲು ಬೇರೆ ಮಾತಾದರೂ ಏನಿತ್ತು? ಅರ್ಧ ದಾರಿಯಲ್ಲಿ ಗುಂಡಣ್ಣನೇ ಅವನ ಭುಜ ತಟ್ಟಿದ.

"ರಾಜು, ಒಂದು ಮಾತು. ಸಾಕ್ಷಿ ಬಿದ್ದೋಯ್ತು, ಸರಿ. ಆದ್ರೆ ಬ್ರೇಕಿಲ್ಲದ ಗಾಡೀನ ಆ ತಿರುವಲ್ಲಿ ಅಡ್ಡ ಹಾಕ್ಕೊಂಡು ತಂದ್ಯಲ್ಲ, ಅದಕ್ಕೆ ನಾನೇ ಸಾಕ್ಷಿ. ಬ್ರೇಕಿಲ್ದೇನೂ ಗಾಡಿ ತಿರುಗುತ್ತೆ ಕಣೋ. ಸಂಜೆ ಬೆಂಚು ಹತ್ತೀನಿ."

ಕನಕರಾಜುವಿನ ಕಣ್ಣು ಮಂಜಾಯಿತು. ಇಷ್ಟು ವರ್ಷ ಕಾದಿದ್ದ ಮಾತು! ಮನೆ ಬಾಗಿಲಿಗೆ ಬಂದು ಬರಿಗಾಲು ಎಳೆದು ಸ್ಕೂಟರು ನಿಲ್ಲಿಸಿದಾಗ ಅವನ ಮುಖ ಮದುಮಗನದಾಗಿತ್ತು.

"ಏನ್ರೀ ಇದು, ಕಾಲೆಲ್ಲ ತರಚಿದೆ! ಚಪ್ಪಲಿ ಎಲ್ರೀ?" ಎಂದು ಸುಲೋಚನಮ್ಮ ಓಡಿಬಂದಳು.

ಗುಂಡಣ್ಣನೇ ಹೇಳಿದ, "ಬಯ್ಬೇಡಿ ತಾಯಿ. ಬ್ರೇಕಿಲ್ಲದ ಗಾಡೀಲಿ ನನ್ ಪ್ರಾಣ ಉಳಿಸಿದ್ದಾನೆ ಇವತ್ತು."

"ಬ್ರೇಕಿಲ್ಲದ ಗಾಡಿನಾ?" ಸುಲೋಚನಮ್ಮ ಇಬ್ಬರನ್ನೂ ನೋಡಿದಳು. "ನಿನ್ನೆ ಇವರು ಮಲಗಿದ್ದಾಗ ಮೆಕ್ಯಾನಿಕ್ ದೇವರಾಜನ್ನ ಕರೆಸಿ ಹೊಸ ಕೇಬಲ್ ಹಾಕಿಸಿದ್ನಲ್ಲಾ! ಹೇಳಿದ್ರೆ ಕೂಗಾಡ್ತಾರೆ ಅಂತ ಸುಮ್ಮನಿದ್ದೆ."

ಗುಂಡಣ್ಣ ಬಗ್ಗಿ, ಬ್ರೇಕಿನ ಮೇಲೆ ಕೈಯೂರಿ ಒತ್ತಿ, ಇನ್ನೊಂದು ಕೈಯಲ್ಲಿ ಸ್ಕೂಟರನ್ನು ಬಲವಾಗಿ ನೂಕಿದ. ಅದು ನೆಟ್ಟ ಸರ್ವೆ ಕಲ್ಲಿನ ಹಾಗೆ ಒಂದಿಂಚೂ ಕದಲಲಿಲ್ಲ. ಕೈ ಒರೆಸಿಕೊಂಡು, "ಬತ್ತೀನಿ, ಬುರುಡೆ ರಾಜು. ಮಾತು ಮಾತೇ," ಎಂದು ತನ್ನ ಮನೆಗೆ ನಡೆದ.

ಕನಕರಾಜು ಜಗುಲಿಯ ಮೇಲೆ ಕುಸಿದು ಕೂತ. ಸುಲೋಚನಮ್ಮ ಒಳಗಿನಿಂದ ಬೆಚ್ಚಗೆ ಕಾಯಿಸಿದ ಎಣ್ಣೆ ತಂದು ತರಚಿದ ಕಾಲಿಗೆ ಸವರತೊಡಗಿದಳು. ಹರಳೆಣ್ಣೆ. ವಾಸನೆ ಮೂಗಿಗೆ ಬಡಿಯುತ್ತಲೇ ಅವನ ಕಣ್ಣು ತಾನಾಗಿ ಮುಚ್ಚಿತು. ದೀಪಗಳು ಹೊತ್ತಿದವು, ಕೆಮ್ಮಣ್ಣು ಹಾರಿತು, ಪಕ್ಕದಲ್ಲಿ ಎಳೆಯ ಡೆರೆಕ್ ನಿಂತು ನಗುತ್ತಿದ್ದ.

"ಲೇ ಸುಲೋಚನಾ," ಎಂದ ಮೆಲ್ಲಗೆ, "ಹಿಂಗೇ ಒಂದು ಶನಿವಾರ, ಇಂಗ್ಲೆಂ..."

ಕಾಂಪೌಂಡಿನಾಚೆ ಗುಂಡಣ್ಣ ಜೋರಾಗಿ ಕೆಮ್ಮಿದ.